ಒಂದೇ ಹೊಗೆ

ನಮ್ಮೂರ ಕಮರಿಗೆ ಒಬ್ಬರೇ ಇಳಿಯಲು ಬರುವುದಿಲ್ಲ. ಇಳಿಯಬಾರದು ಎಂದು ಯಾರೂ ತಡೆಯುವುದಿಲ್ಲ, ಇಳಿಯಲು ಆಗುವುದಿಲ್ಲ ಅಷ್ಟೆ. ಹೊರಗಿನಿಂದ ಬಂದವರು ಕೆಲವರು ನಂಬದೆ ಹೊರಟುಬಿಡುತ್ತಾರೆ. ಬಿಸಿಲಲ್ಲಿ ಬಹಳ ಹೊತ್ತು ಇಳಿದು, ಯಾವುದೋ ಒಂದು ಬಂಡೆ ಸುತ್ತಿ ತಿರುಗಿದರೆ ಎದುರಿಗೆ ಮತ್ತೆ ದಾರಿಯ ತಲೆ, ಕಳ್ಳಿಬೇಲಿ, ಅಲ್ಲಿಯ ಚಹಾದಂಗಡಿ. ಅಂಗಡಿಯಲ್ಲಿ ಕೂತವರು ನಗುವುದಿಲ್ಲ. ಸರಿದು ಜಾಗ ಕೊಟ್ಟು ಒಂದು ಲೋಟ ನೀರು ಮುಂದೆ ಇಡುತ್ತಾರೆ. ಇಬ್ಬರಾದರೆ ದಾರಿ ತಳದವರೆಗೂ ಹೋಗುತ್ತದೆ. ಅಂಟಿಕೊಂಡೇ ನಡೆಯಬೇಕೆಂದಿಲ್ಲ, ಒಬ್ಬರ ಕೆಮ್ಮು ಇನ್ನೊಬ್ಬರಿಗೆ ಕೇಳುವಷ್ಟು ದೂರದಲ್ಲಿದ್ದರೆ ಸಾಕು. ಕತ್ತೆ, ನಾಯಿ, ಆಡು ಲೆಕ್ಕಕ್ಕಿಲ್ಲ. ದಾರಿಯಲ್ಲಿ ಸುಮ್ಮನೆ ಕೂತವರಿಗೆ ಏನೂ ಆಗುವುದಿಲ್ಲ, ನಡೆಯುವವರಿಗೆ ಮಾತ್ರ. ಹತ್ತುವಾಗಲೂ ಹಾಗೇ. ತಳದಿಂದ ಒಬ್ಬನೇ ಮೇಲಕ್ಕೆ ಹೊರಟರೆ ಮತ್ತೆ ಹೊಳೆಯ ದಂಡೆಗೇ ಬಂದು ನಿಲ್ಲುತ್ತಾನೆ.

ಹೀಗಾಗಿ ನಮ್ಮಲ್ಲಿ ಗಂಡಸರು ಮೀಸೆ ಮೂಡುವ ವಯಸ್ಸಿಗೇ ಒಬ್ಬ ಜೊತೆಯನ್ನು ಹಿಡಿಯುತ್ತಾರೆ. ಕಮರಿಯ ತಳದಲ್ಲಿ ಉಪ್ಪಿನ ಮಡುಗಳಿವೆ, ಊರಿನ ಬದುಕು ಅದರ ಮೇಲೆ. ಜೊತೆಗಳು ಸರದಿಯ ಮೇಲೆ ಇಳಿಯುತ್ತವೆ, ಪಕ್ಷದಷ್ಟು ದಿನ ಅಲ್ಲೇ ಇದ್ದು ಉಪ್ಪು ಬಳಿದು ಹೊತ್ತು ಬರುತ್ತವೆ. ಹೆಣ್ಣು ಕೊಡುವವರು ಹುಡುಗನ ಬಗ್ಗೆ ಕೇಳಿದ ಮೇಲೆ ಅವನ ಜೊತೆ ಯಾರು ಎಂದು ಕೇಳಿಯೇ ಕೇಳುತ್ತಾರೆ. ಜಗಳವಾಡಿ ಮಾತು ಬಿಟ್ಟ ಜೊತೆಗಳೂ ಇವೆ. ಅವರೂ ಇಳಿಯುತ್ತಾರೆ, ಒಬ್ಬ ಮುಂದೆ ಒಬ್ಬ ಹಿಂದೆ, ಆಗಾಗ ಸುಮ್ಮನೆ ಕೆಮ್ಮುತ್ತ.

ನನ್ನ ಗಂಡನ ಹೆಸರು ಸೋಮನಿಂಗ. ಗಂಡನ ಹೆಸರು ಹೇಳುವುದು ನಮ್ಮ ಕಡೆ ರೂಢಿಯಲ್ಲ, ಆದರೆ ಹೇಳದಿದ್ದರೆ ಕೇಳುವವರಿಗೆ ಯಾರು ಯಾರೆಂದು ತಿಳಿಯಲಿಕ್ಕಿಲ್ಲ. ಅವನ ಜೊತೆ ಅಡಿವೆಪ್ಪ. ಇಬ್ಬರೂ ನಾನು ಮದುವೆಯಾಗಿ ಬರುವ ಎಷ್ಟೋ ಮೊದಲಿನಿಂದ ಕೂಡಿ ಇಳಿಯುತ್ತಿದ್ದವರು. ಮನೆಯಲ್ಲಿ ಮಾತು ಕಮ್ಮಿ ಇದ್ದ ನನ್ನ ಗಂಡ ಅಡಿವೆಪ್ಪ ಬಂದರೆ ಕಟ್ಟೆಯ ಮೇಲೆ ಕೂತು ಹೊತ್ತು ಮುಳುಗುವವರೆಗೆ ಮಾತಾಡುತ್ತಿದ್ದ. ಹೊಸದರಲ್ಲಿ ನನಗೆ ಅದು ಒಂದು ಥರಾ ಕಸಿವಿಸಿ. ಅಡಿವೆಪ್ಪನ ಹೆಂಡತಿ ಫಕೀರವ್ವ ನನಗಿಂತ ಸಾಕಷ್ಟು ದೊಡ್ಡವಳು, ಮಕ್ಕಳನ್ನು ಮದುವೆ ಮಾಡಿ ಕೊಟ್ಟವಳು. ನಾನು ಅವಳನ್ನು ಅಕ್ಕ ಎನ್ನುತ್ತಿದ್ದೆ. ಹಬ್ಬಕ್ಕೆ ಒಬ್ಬರ ಮನೆಗೊಬ್ಬರು ಹೋಳಿಗೆ ಕೊಟ್ಟು ಬರುತ್ತಿದ್ದೆವು, ಅದಕ್ಕಿಂತ ಹೆಚ್ಚಿನ ಬಳಕೆ ಇರಲಿಲ್ಲ.

ತಳದಲ್ಲಿದ್ದವರು ದಿನಾ ಬೆಳಿಗ್ಗೆ ಹಸಿ ಜಾಲಿ ಸೊಪ್ಪು ಹಾಕಿ ಬೆಂಕಿ ಹಚ್ಚುವುದು ಪದ್ಧತಿ. ತಲೆಗೊಂದು ಬೆಂಕಿ. ಬಿಸಿಲು ಏರುವ ಮುಂಚೆ ಕಮರಿಯ ಅಂಚಿಗೆ ಹೋಗಿ ನಿಂತರೆ ಕೆಳಗಿನ ಕಪ್ಪಿನೊಳಗಿಂದ ಎರಡು ಬಿಳಿ ಎಳೆ ಎದ್ದು ಬರುವುದು ಕಾಣುತ್ತದೆ. ನೋಡಿ ಮನೆಗೆ ಬಂದು ಕೆಲಸಕ್ಕೆ ಹತ್ತುತ್ತೇವೆ. ಆ ಸಲ ಒಂದು ಬೆಳಿಗ್ಗೆ ಒಂದೇ ಹೊಗೆ ಎದ್ದಿತು.

ಅಂಚಿನಲ್ಲಿ ನಾನಿದ್ದೆ, ನಮ್ಮತ್ತೆ ಇದ್ದಳು, ಸ್ವಲ್ಪ ಆಚೆಗೆ ಫಕೀರವ್ವ. ಸೊಪ್ಪು ಒಣಗಿರಬೇಕು, ಗಾಳಿ ಇರಬೇಕು ಎಂದು ಯಾರೋ ಹೇಳಿದರು. ಹೌದೆಂದುಕೊಂಡು ಎಲ್ಲರೂ ತಿರುಗಿದೆವು. ಮರುದಿನ ಗಾಳಿ ಇರಲಿಲ್ಲ. ನೂಲಿನ ಹಾಗೆ ನೆಟ್ಟಗೆ ಒಂದೇ ಎಳೆ ಎದ್ದು ಬಂತು. ಅದು ಯಾರ ಹೊಗೆಯೆಂದು ಹೇಳುವ ದಾರಿ ಇರಲಿಲ್ಲ. ಎಡಕ್ಕೆ ಯಾರು ಹಚ್ಚುತ್ತಾರೆ, ಬಲಕ್ಕೆ ಯಾರು ಎಂದು ಅಷ್ಟು ವರ್ಷಗಳಲ್ಲಿ ನಾವಿಬ್ಬರೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ.

ಊರಿನವರು ಸುಮ್ಮನೆ ಕೂಡಲಿಲ್ಲ. ಒಂದು ಜೊತೆ ಆಗಲೇ ನೀರಿನ ಚೀಲ ತುಂಬಿಸಿಕೊಂಡು ಹೊರಡಲು ನಿಂತಿತ್ತು. ಫಕೀರವ್ವ ಅವರನ್ನು ತಡೆದಳು.

"ನೀವು ಇಳದು, ಉಳದಾವನ್ನ ಕರಕೊಂಡು ಬರೂದಂದ್ರ ನಾಕು ದಿನದ ಮಾತು," ಅಂದಳು. "ಅಲ್ಲಿ ತನಕ ನಾನೂ ಮಾಳವ್ವನೂ ಇಲ್ಲಿ ಎದರಾಬದರಾ ಕೂತು, ಯಾರ ತಲಿ ಮೊದಲ ಕಾಣತದ ಅಂತ ನೋಡ್ಕೋಂತ ಇರಬೇಕೇನು? ನನ್ನ ಕೈಲೆ ಆಗೂದಿಲ್ಲಪ್ಪ. ನಾವಿಬ್ರೂ ಹೋಗತೀವಿ." ಆಮೇಲೆ ನನ್ನ ಕಡೆ ತಿರುಗಿದಳು. "ನೀ ಬರತೀಯೋ ಇಲ್ಲೋ, ಅಷ್ಟ ಹೇಳು."

ನಾನು ಬರುತ್ತೇನೆಂದೆ. ಯಾರೂ ಬೇಡವೆನ್ನಲಿಲ್ಲ.

ಅತ್ತೆ ಮನೆಗೆ ಹೋಗಿ ದಾರಿಗೆ ಕೆಡದ ಖಟಿ ರೊಟ್ಟಿ ಕಟ್ಟಿದಳು. ಶೇಂಗಾ ಹಿಂಡಿ ನನ್ನ ಗಂಡನಿಗೆ ಸೇರುತ್ತದೆಂದು ಡಬ್ಬಿ ತುಂಬ ಹಾಕಿದಳು. ಅವಳ ಮೊಣಕಾಲು ಎಂದೋ ಹೋಗಿದ್ದವು, ಇಲ್ಲದಿದ್ದರೆ ಅವಳೇ ಇಳಿಯುತ್ತಿದ್ದಳು. ಮಗನ ಮಾತನ್ನೇ ಎತ್ತಲಿಲ್ಲ. ದಾರಿಯ ತಲೆಯವರೆಗೆ ಬಂದು ಗಂಟನ್ನು ನನ್ನ ತಲೆಗೆ ಏರಿಸುವಾಗ, "ಕಾಲಾಗ ಲಕ್ಷ್ಯ ಇಟ್ಟು ಇಳಿ. ಉಳದದ್ದು ಆಮ್ಯಾಲ," ಎಂದಳು.

ಮೊದಲ ಇಳಿಜಾರು ಪೂರ್ತಿ ಸಡಿಲ ಕಲ್ಲು. ಒಂದು ಹೆಜ್ಜೆ ಇಟ್ಟರೆ ಅರ್ಧ ಹೆಜ್ಜೆ ತಾನೇ ಜಾರುತ್ತದೆ. ಇಳಿಯುವಾಗ ಕಾಲ್ಬೆರಳು ಚಪ್ಪಲಿಯ ಮುಂದಕ್ಕೆ ಹೋಗಿ ಹೋಗಿ ಒತ್ತುತ್ತವೆ. ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ ಎಂದು ಗಂಡಸರು ಹೇಳುತ್ತಿದ್ದರೆ ನಾನು ನಂಬಿರಲಿಲ್ಲ. ನಾನು ಮದುವೆಯಾದ ಹೊಸದರಲ್ಲಿ ಗಂಡನ ಜೊತೆ ಒಂದು ಸಲ ಇಳಿದಿದ್ದೆ. ಆಗ ದಾರಿಯ ಕಡೆ ನನ್ನ ಲಕ್ಷ್ಯ ಎಲ್ಲಿತ್ತು. ಫಕೀರವ್ವ ಇಳಿದು ಇನ್ನೂ ಹೆಚ್ಚು ವರ್ಷಗಳಾಗಿದ್ದವು. ಆದರೂ ಅವಳೇ ಮುಂದೆ ನಡೆದಳು, ಕೈಯಲ್ಲಿ ಕೋಲು ಹಿಡಿದು, ಬಾಯಿಗೆ ಬಿಡುವಿಲ್ಲದೆ.

ಮಗಳ ಮನೆಯ ಎಮ್ಮೆ, ಸೊಸೆಯ ತವರು, ಚಹಾದಂಗಡಿಯವನ ಹಲ್ಲುನೋವು, ಎಲ್ಲ ಬಂತು. ನಡುವೆ ಒಂದು ಬಂಡೆ ತೋರಿಸಿ, "ನಮ್ಮವರು ಯಾವಾಗ್ಲೂ ಇಲ್ಲೇ ಕೂತು ಎಲಿ ಹಾಕ್ಕೊಂತಿದ್ರು," ಅಂದವಳು ತಕ್ಷಣ ನಿಂತಳು. "ಹಾಕ್ಕೊಂತಾರ," ಎಂದು ತಿದ್ದಿಕೊಂಡು ಮುಂದೆ ನಡೆದಳು. ಅವಳ ಕೋಲು ಕಲ್ಲಿಗೆ ತಾಗುವ ಸದ್ದು, ನಮ್ಮಿಬ್ಬರ ಉಸಿರು, ಎಲ್ಲೋ ಮೇಲೆ ಒಂದು ಹದ್ದು.

ಬಿಸಿಲು ನೆತ್ತಿಗೆ ಬಂದಾಗ ಒಂದು ಬಂಡೆಯ ನೆರಳಿನಲ್ಲಿ ಕೂತೆವು. ಅಲ್ಲಿಂದ ಕೆಳಗೆ ಕಮರಿ ಪದರು ಪದರಾಗಿ ಬಿಚ್ಚಿಕೊಂಡಿತ್ತು. ಕೆಂಪು, ಅದರ ಕೆಳಗೆ ಹಳದಿ, ಅದರ ಕೆಳಗೆ ಸುಟ್ಟ ಇಟ್ಟಿಗೆಯ ಬಣ್ಣ, ತೀರಾ ಕೆಳಗೆ ಏನೂ ಕಾಣದ ನೀಲಿ. ಎಲ್ಲೂ ಒಂದು ಹಸಿರು ಮರವಿಲ್ಲ. ಕಲ್ಲುಸಂದಿಯಲ್ಲಿ ಬೂದಿ ಬಣ್ಣದ ಪೊದೆಗಳು, ಅವುಗಳ ಬುಡದಲ್ಲಿ ಓತಿಕೇತಗಳು ನಮ್ಮನ್ನು ನೋಡಿ ತಲೆ ಕುಣಿಸುತ್ತಿದ್ದವು. ಅಷ್ಟು ದೊಡ್ಡ ಜಾಗದಲ್ಲಿ ಒಂದು ಸದ್ದಿರಲಿಲ್ಲ. ನನಗೆ ದೇವರನ್ನು ನೆನೆಯಬೇಕೆನಿಸಿತು. ಏನೆಂದು ಬೇಡುವುದು ತಿಳಿಯಲಿಲ್ಲ. ನನ್ನ ಗಂಡ ಇರಲಿ ಎಂದರೆ ಪಕ್ಕದಲ್ಲಿ ಕಾಲೊತ್ತಿಕೊಳ್ಳುತ್ತಿದ್ದವಳ ಗಂಡ ಇಲ್ಲದಿರಲಿ ಎಂದ ಹಾಗೆ. ಬೇಡುವುದನ್ನೇ ಬಿಟ್ಟು ಸುಮ್ಮನೆ ಕೂತೆ. ಅವಳೂ ಅದನ್ನೇ ಯೋಚಿಸುತ್ತಿದ್ದಳೋ ಏನೋ, ಸ್ವಲ್ಪ ಹೊತ್ತಿನ ಮೇಲೆ ಹೇಳಿದಳು.

"ಒಂದು ಮಾತು, ಮಾಳವ್ವ. ಕೆಳಗ ಯಾರರ ಇರಲಿ. ಇದ್ದಾವ ಉಪವಾಸ ಇರತಾನ. ಒಬ್ಬನ ಇದ್ದ ಗಂಡಸು ಅಡಗಿ ಮಾಡ್ಕೊಂಡು ಉಣ್ಣೂದಿಲ್ಲ. ನೀ ಅಳಬ್ಯಾಡ, ನಾನೂ ಅಳೂದಿಲ್ಲ. ಮೊದಲ ಅವಗ ಉಣ್ಣಾಕ ಹಾಕೂಣು. ಆಮ್ಯಾಲ ಏನೈತಿ ಅದು."

"ಆತಕ್ಕ," ಎಂದೆ.

ಆ ರಾತ್ರಿ ಗುಹೆಯಂಥ ಬಂಡೆಯಡಿ ಮಲಗಿದೆವು. ಎಲ್ಲ ಜೊತೆಗಳೂ ಮಲಗುವ ಜಾಗ ಅದು, ಮಸಿ ಹಿಡಿದ ಒಲೆಕಲ್ಲುಗಳಿದ್ದವು. ದಣಿವಿಗೆ ನಿದ್ದೆ ತಾನಾಗಿ ಬಂತು.

ಮರುದಿನ ಗೋಡೆದಾರಿ. ಒಂದು ಕಡೆ ಎದ್ದುನಿಂತ ಬಂಡೆ, ಇನ್ನೊಂದು ಕಡೆ ಏನೂ ಇಲ್ಲ, ನಡುವೆ ಒಂದು ಮಂಚದಷ್ಟು ಅಗಲದ ಜಾಗ, ಕೆಲವು ಕಡೆ ಅಷ್ಟೂ ಇಲ್ಲ. ಹಿಂದಿನ ದಿನವೆಲ್ಲ ಮುಂದೆ ನಡೆದಿದ್ದ ಫಕೀರವ್ವ ಅದನ್ನು ನೋಡಿ ಅಲ್ಲೇ ಕುಸಿದು ಕೂತಳು. ಎರಡೂ ಕೈ ಊರಿ ನೆಲ ಹಿಡಿದುಕೊಂಡಳು.

"ನೀರು ಐತೇನು?" ಎಂದಳು.

ಚೀಲ ಬರಿದಾಗಿತ್ತು. ಗೋಡೆದಾರಿ ಮುಗಿದ ಮೇಲೆ ಬಂಡೆಯ ಬಿರುಕಿನಲ್ಲಿ ನೀರು ಜಿನುಗುತ್ತದೆ, ಅದರ ಕೆಳಗೆ ಗಡಿಗೆ ಇಟ್ಟಿರುತ್ತಾರೆ ಎಂದು ನನಗೆ ಗೊತ್ತಿತ್ತು. ನೀನು ಕೂತಿರು, ನಾನು ತರುತ್ತೇನೆ ಎಂದು ಎದ್ದೆ. ಗೋಡೆಗೆ ಮೈಯೊತ್ತಿ, ಕೆಳಗೆ ನೋಡದೆ, ಒಂದೊಂದೇ ಹೆಜ್ಜೆ ಇಡುತ್ತ ಹೋದೆ. ತುದಿ ಬಂತು. ಮೂಲೆ ತಿರುಗಿದೆ. ಬಿರುಕು ನಾನು ಅಂದುಕೊಂಡದ್ದಕ್ಕಿಂತ ಬಹಳ ಮುಂದಿತ್ತು. ಮತ್ತೊಂದು ಮೂಲೆ, ಮತ್ತೊಂದು ತೋಡು ದಾಟಿದ ಮೇಲೆ ಗಡಿಗೆ ಸಿಕ್ಕಿತು. ಮುಳ್ಳುಕಂಟಿ ಸರಿಸಿ ಚೀಲ ತುಂಬಿಸಿದೆ, ಮುಖಕ್ಕೆ ನೀರು ಹಾಕಿಕೊಂಡೆ, ತಿರುಗಿ ಬಂದೆ. ನನ್ನ ಲಕ್ಷ್ಯವೆಲ್ಲ ಕಾಲಿನಲ್ಲಿತ್ತು, ಬೇರೆ ಏನೂ ತೋಚಿರಲಿಲ್ಲ.

ಫಕೀರವ್ವ ಬಿಟ್ಟಲ್ಲೇ ಕೂತಿದ್ದಳು. ನನ್ನನ್ನು ನೋಡಿದ ರೀತಿ ಬೇರೆ ಇತ್ತು.

"ಎಲ್ಲಿ ತನಕ ಹೋಗಿದ್ದಿ?"

"ನೀರಿನ ತನಕ. ದೂರ ಐತಕ್ಕ, ಎರಡು ತಿರುವು ದಾಟಬೇಕು."

"ನಾ ಕೂಗಿದ್ದು ಕೇಳಸ್ತೇನು?"

"ಇಲ್ಲ. ಕೂಗಿದ್ದೇನು?"

"ಗಂಟಲು ಹರಿಯೂಹಂಗ ಕೂಗೀನಿ," ಎಂದಳು. ನೀರು ಕುಡಿಯಲಿಲ್ಲ, ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ನನ್ನನ್ನೇ ನೋಡಿದಳು. "ನನ್ನ ದನಿ ಮುಟ್ಟದಷ್ಟು ದೂರ ನಡದು ಹೋಗಿ, ತಿರುಗಿ ಬಂದೀ. ದಾರಿ ನಿನ್ನ ಮ್ಯಾಲ ಒಯ್ದು ಬಿಡಲಿಲ್ಲ."

ನಾನು ಅಲ್ಲೇ ಕೂತುಬಿಟ್ಟೆ.

ನಮ್ಮೂರ ಹೆಂಗಸರಿಗೆ ಇದು ಗೊತ್ತಿರುವ ಸಂಗತಿ, ಗಂಡಸರ ಮುಂದೆ ಆಡುವುದಿಲ್ಲ. ಮುಟ್ಟು ತಪ್ಪಿದವಳು ಯಾರೂ ಇಲ್ಲದ ಹೊತ್ತು ನೋಡಿ ಕಮರಿಯ ದಾರಿಗೆ ಒಬ್ಬಳೇ ಹೋಗುತ್ತಾಳೆ. ಇಳಿಯುತ್ತ ಇಳಿಯುತ್ತ ಮತ್ತೆ ಕಳ್ಳಿಬೇಲಿಯ ಮುಂದೆ ಬಂದು ನಿಂತರೆ ಮನೆಗೆ ಹೋಗಿ ಕಸ ಹೊಡೆಯುತ್ತಾಳೆ. ದಾರಿ ಬಿಟ್ಟುಕೊಟ್ಟರೆ ಅವಳು ಒಬ್ಬಳಲ್ಲ. ನಾನೂ ಹಾಗೆ ಹೋಗಿದ್ದೆ, ಎರಡು ಸಲ. ಎರಡೂ ಸಲ ದಾರಿ ಬಿಟ್ಟಿತ್ತು, ಕುಣಿಯುತ್ತ ತಿರುಗಿ ಬಂದಿದ್ದೆ. ಎರಡೂ ಉಳಿಯಲಿಲ್ಲ. ಆಮೇಲೆ ನಾನು ದಿನ ಎಣಿಸುವುದನ್ನೇ ಬಿಟ್ಟೆ. ಈ ಸಲ ಮೈ ಭಾರ ಎನಿಸಿದ್ದರೂ ಬಿಸಿಲಿಗೆ ಎಂದುಕೊಂಡಿದ್ದೆ. ವಯಸ್ಸೂ ಆಗುತ್ತ ಬಂದಿತ್ತಲ್ಲ.

"ನಿಮ್ಮವರಿಗೆ ಗೊತ್ತೇನು?"

"ನನಗ ಈಗ ಗೊತ್ತಾತು."

ಫಕೀರವ್ವ ಬಹಳ ಹೊತ್ತು ಆಳವನ್ನು ನೋಡಿದಳು. ಅಲ್ಲಿಯವರೆಗೆ ನೋಡಲು ಹೆದರಿದ್ದ ಆಳ.

"ಹಂಗಾದರ ಕೆಳಗಿರಾವ ನಿಮ್ಮವರ ಆಗಿರಲಿ ಅಂತ ನಾ ಅನಬೇಕು," ಎಂದಳು. "ಅನಬೇಕು ಅಂತ ಮನಸಿಗೆ ಬರತೈತಿ. ಬಾಯಿ ಬರವಲ್ದು, ಮಾಳವ್ವ."

"ಅನಬ್ಯಾಡಕ್ಕ," ಎಂದೆ. "ನಾನೂ ಅಂದಿಲ್ಲ."

ಅವಳು ನೀರು ಕುಡಿದಳು. ನಾನು ನನ್ನ ಸೆರಗಿನ ತುದಿಯನ್ನು ಅವಳ ಮಣಿಕಟ್ಟಿಗೆ ಸುತ್ತಿ ಕೊಟ್ಟೆ. ನಾನು ಮುಂದೆ, ಅವಳು ನನ್ನ ಬೆನ್ನಿನ ಮೇಲೆ ಕಣ್ಣು ಇಟ್ಟು ಹಿಂದೆ, ಹೀಗೆ ಗೋಡೆದಾರಿ ದಾಟಿದೆವು. ಅವಳ ಬಾಯಿಯಲ್ಲಿ ಏನೋ ಮಂತ್ರದಂಥದ್ದು ನಡೆದಿತ್ತು. ಆಮೇಲೆ ಕಿವಿಗೊಟ್ಟು ಕೇಳಿದರೆ, ಅಡಿವೆಪ್ಪನಿಗೆ ಬೈಯುತ್ತಿದ್ದಳು. ಈಗ ಇಷ್ಟು ಸವೆದ ದಾರಿಯಲ್ಲಿ ಮೂಟೆ ಹೊತ್ತು ತಿರುಗಾಡುತ್ತಾನೆಂದು ಒಂದು ದಿನ ಹೇಳಲಿಲ್ಲವಲ್ಲ ಎಂದು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಕೊನೆಯ ಏಣು ಬಂತು. ಅಲ್ಲಿಂದ ತಳ ಕಾಣುತ್ತದೆ. ತೆಳುವಾದ ಹೊಳೆ, ಅದರ ದಂಡೆಗೆ ಉಪ್ಪಿನ ಮಡುಗಳು ಒಡೆದ ಕನ್ನಡಿಯ ಹಾಗೆ, ಒಂದು ಕಲ್ಲುಗುಡಿಸಲು. ಗುಡಿಸಲಿನಿಂದ ಒಬ್ಬ ಮನುಷ್ಯ ಹೊರಗೆ ಬಂದು ಹೊಳೆಯ ಕಡೆ ನಡೆಯುತ್ತಿದ್ದ. ಅಷ್ಟು ಎತ್ತರದಿಂದ ಬೆರಳಷ್ಟು. ನಮ್ಮ ಗಂಡಂದಿರು ಇಬ್ಬರೂ ಒಂದೇ ಎತ್ತರದವರು, ಇಬ್ಬರದೂ ಬಿಳಿ ರುಮಾಲು.

"ಯಾರು?" ಎಂದಳು ಫಕೀರವ್ವ. ಅವಳ ಕಣ್ಣಿಗೆ ಪೊರೆ ಬರತೊಡಗಿತ್ತು.

ಆ ಮನುಷ್ಯ ನಡೆಯುತ್ತ ನಡೆಯುತ್ತ ಎಡಗೈಯನ್ನು ಸೊಂಟದ ಹಿಂದಕ್ಕೆ ಇಟ್ಟುಕೊಂಡ. ನನ್ನ ಗಂಡ ಎರಡೂ ಕೈ ಬೀಸಿ ನಡೆಯುವವನು. ನಮ್ಮ ಕಟ್ಟೆಯಿಂದ ಎದ್ದು ಓಣಿಯಲ್ಲಿ ಸೊಂಟದ ಮೇಲೆ ಕೈಯಿಟ್ಟು ಹೋಗುತ್ತಿದ್ದವನನ್ನು ನಾನು ಎಷ್ಟು ಸಲ ನೋಡಿಲ್ಲ.

ನಾನು ಕೂಡಲೇ ಹೇಳಲಿಲ್ಲ. ಅವಳು ಮತ್ತೆ ಮುಂದಾದಳು, ಎರಡು ತಿರುವು ಇಳಿದೆವು. ಅವಳು ಮತ್ತೆ ಕೇಳಲಿಲ್ಲ. ನಾನೇ ನಿಂತು, "ಅಕ್ಕಾ, ನಿಮ್ಮವರು," ಎಂದೆ.

ಅವಳು ತಿರುಗಲಿಲ್ಲ. "ಸರಿಯಾಗಿ ನೋಡೀಯೇನು?"

"ನೋಡೀನಿ."

ಕೋಲು ಅವಳ ಕೈಯಿಂದ ಜಾರಿತು. ಕಲ್ಲಿನ ಮೇಲೆ ಕೂತು ಸೆರಗನ್ನು ಬಾಯಿಗೆ ಒತ್ತಿಕೊಂಡಳು, ಭುಜ ಅಲುಗುತ್ತಿತ್ತು. ಖುಷಿಗೋ ದುಃಖಕ್ಕೋ ಅವಳಿಗೇ ಗೊತ್ತಿದ್ದಿಲ್ಲ ಎಂದು ಕಾಣುತ್ತದೆ. ನನಗೆ ಅಳು ಬರಲಿಲ್ಲ. ನಾನು ಇನ್ನೂ ಅವಳ ಮುಂದಿನ ಹೆಜ್ಜೆ, ನನ್ನ ಮುಂದಿನ ಹೆಜ್ಜೆ ಇಷ್ಟನ್ನೇ ನೋಡುತ್ತಿದ್ದೆ. ಕೋಲು ಎತ್ತಿ ಕೊಟ್ಟೆ.

"ಏಳಕ್ಕ. ಮೊದಲ ಉಣ್ಣಾಕ ಹಾಕೂಣು ಅಂದಿದ್ದೆಲ್ಲ."

ಅಡಿವೆಪ್ಪ ನಮ್ಮನ್ನು ನೋಡಿದಾಗ ಹೊಳೆಯಲ್ಲಿ ಮೊಣಕಾಲು ಮಟ್ಟ ನಿಂತಿದ್ದ. ಕೊಡ ಅವನ ಕೈಯಲ್ಲೇ ತುಂಬಿ ಸೋರುತ್ತಿತ್ತು. ದಂಡೆಗೆ ಬರಲಿಲ್ಲ. ಹೆಂಡತಿಯ ಕಡೆ ಕಣ್ಣೆತ್ತಿಯೂ ನೋಡಲಿಲ್ಲ, ನನ್ನನ್ನೇ ನೋಡುತ್ತ ನಿಂತ. ಗಡ್ಡ ಬೆಳೆದು ಮುಖ ಇಳಿದುಹೋಗಿತ್ತು.

"ತಂಗೀ," ಎಂದ.

"ಗೊತ್ತಾಗೈತಿ ಅಣ್ಣಾ. ಮ್ಯಾಲ ಬರ್ರಿ. ಉಣ್ರಿ ಮೊದಲ," ಎಂದೆ.

ಗುಡಿಸಲಿನ ಮುಂದೆ ಗಂಟು ಬಿಚ್ಚಿದೆವು. ಫಕೀರವ್ವ ತನ್ನ ಡಬ್ಬಿಯಿಂದ ಅಗಸಿ ಹಿಂಡಿ ಹಾಕಿದಳು, ನಾನು ಶೇಂಗಾ ಹಿಂಡಿ ಹಾಕಿದೆ. ಅವನು ಅದನ್ನು ನೋಡಿ, "ಇದು ಸೋಮಂದು," ಎಂದ. ಹೌದು, ತಿನ್ನಿ ಎಂದೆ. ಅವನು ತಿಂದ. ಮೂರು ದಿನದ ಮೇಲೆ ತಿನ್ನುತ್ತಿರುವವನು ಎಂದು ಗೊತ್ತಾಗುತ್ತಿತ್ತು. ಕಣ್ಣೀರು ರೊಟ್ಟಿಯ ಮೇಲೆ ಬೀಳುತ್ತಿತ್ತು, ಅವನು ಒರೆಸಿಕೊಳ್ಳಲಿಲ್ಲ, ತಿನ್ನುವುದನ್ನೂ ಬಿಡಲಿಲ್ಲ. ಉಂಡು ಕೈ ತೊಳೆದ ಮೇಲೆ ಹೇಳಿದ.

ಹೆಚ್ಚೇನಿರಲಿಲ್ಲ. ಬೆಳಿಗ್ಗೆಯಿಂದ ಇಬ್ಬರೂ ಮಡುವಿನಲ್ಲಿ ಉಪ್ಪು ಬಳಿದಿದ್ದರು. ಮಧ್ಯಾಹ್ನ ನನ್ನ ಗಂಡ ಎದೆ ಒತ್ತಿಕೊಂಡು, ಯಾಕೋ ಸುಸ್ತಾಗೈತಿ ಎಂದನಂತೆ. ನೀರು ಕೇಳಿ ಕುಡಿದನಂತೆ. ಗುಡಿಸಲ ನೆರಳಿನಲ್ಲಿ ಅಡ್ಡಾದವನು ಅಡಿವೆಪ್ಪ ಒಂದು ಬುಟ್ಟಿ ಉಪ್ಪು ಸುರಿದು ಬರುವುದರೊಳಗೆ ಹೋಗಿಬಿಟ್ಟಿದ್ದ. ಕೂಗಲು ಯಾರಿದ್ದಾರೆ. ಸಂಜೆ ಅವನೇ ಗುಣಿ ತೋಡಿ, ಮಣ್ಣು ಮಾಡಿ, ಮೇಲೆ ಕಲ್ಲು ಒಟ್ಟಿದ್ದ. ಮರುದಿನ ಸುದ್ದಿ ಮುಟ್ಟಿಸಬೇಕೆಂದು ಒಬ್ಬನೇ ದಾರಿ ಹಿಡಿದ.

"ಆಗೂದಿಲ್ಲಂತ ಗೊತ್ತಿತ್ತು," ಎಂದ. "ಆದರೂ ಹತ್ತಿದೆ. ಹತ್ತಿ ಹತ್ತಿ ನೋಡಿದರ ಹೊಳಿ. ಮತ್ತ ಹತ್ತಿದೆ. ಮತ್ತ ಹೊಳಿ." ನೆಲ ನೋಡುತ್ತ ಕೂತ. "ಎರಡು ಬೆಂಕಿ ಹಚ್ಚಿಬಿಡ್ಲ್ಯಾ ಅಂತ ಒಂದು ಸಲ ಮನಸಿಗೆ ಬಂತು ತಂಗಿ. ನೀವು ಇನ್ನೊಂದು ನಾಕು ದಿನ ಆರಾಮ ಇರತೀರಿ ಅಂತ. ಹಚ್ಚಲಿಲ್ಲ."

"ಹಚ್ಚಿದ್ದರ ನಾವು ಬರತಿದ್ದಿಲ್ಲ," ಎಂದಳು ಫಕೀರವ್ವ. ಅವಳು ಅವನೊಡನೆ ಆಡಿದ ಮೊದಲ ಮಾತು ಅದು.

ಕಲ್ಲು ಒಟ್ಟಿದ ಜಾಗ ಹೊಳೆಯಿಂದ ಸ್ವಲ್ಪ ಮೇಲಿತ್ತು, ನೀರು ಏರಿದರೂ ಮುಟ್ಟದ ಕಡೆ. ಕಲ್ಲುಗಳನ್ನು ಸಂದಿಯಿಲ್ಲದಂತೆ ಕೂಡಿಸಿದ್ದ. ಒಬ್ಬನೇ ಕೂತು ಅಷ್ಟು ಅಚ್ಚುಕಟ್ಟಾಗಿ ಮಾಡಿದ್ದನ್ನು ನೋಡಿದಾಗ ನನಗೆ ಅಳು ಬಂತು. ಅವರಿಬ್ಬರೂ ಗುಡಿಸಲ ಹತ್ತಿರವೇ ಉಳಿದರು. ನಾನು ಹೊತ್ತು ಮುಳುಗುವವರೆಗೆ ಅಲ್ಲಿ ಕೂತಿದ್ದೆ. ಕಲ್ಲು ಬಿಸಿ ಇತ್ತು. ಮನೆಯಲ್ಲಿ ಹೇಳಿದಂತೆಯೇ ಅವನಿಗೆ ಸುದ್ದಿ ಹೇಳಿದೆ. ಅತ್ತೆಯ ಮೊಣಕಾಲು, ಹಿತ್ತಲ ಗೋಡೆ ಬಿರುಕು ಬಿಟ್ಟದ್ದು, ಆಮೇಲೆ ಇದು. ಹೇಳಿ ಮುಗಿಸಿದ ಮೇಲೂ ಏಳಲು ಮನಸ್ಸಾಗಲಿಲ್ಲ. ಫಕೀರವ್ವ ಬಂದು ಒಂದು ಕಂಬಳಿ ಹೊದಿಸಿ ಪಕ್ಕದಲ್ಲಿ ಕೂತಳು.

ಮುಂಜಾನೆ ಅಡಿವೆಪ್ಪ ಸೊಪ್ಪು ತಂದು ಒಟ್ಟುತ್ತ, "ಎಷ್ಟು ಹಚ್ಚಲಿ?" ಎಂದು ಕೇಳಿದ.

ಫಕೀರವ್ವ ನನ್ನ ಕಡೆ ನೋಡಿ ನಾಕು ಎನ್ನಲು ಬಾಯಿ ತೆರೆದಳು. ನಾನು ತಲೆ ಅಲ್ಲಾಡಿಸಿದೆ. ನಾಲ್ಕು ಹೊಗೆ ಕಂಡರೆ ಮೇಲೆ ಅಂಚಿನಲ್ಲಿ ನಿಂತ ನನ್ನ ಅತ್ತೆ ಮಗ ಬದುಕಿದ್ದಾನೆಂದುಕೊಳ್ಳುತ್ತಾಳೆ. ಫಕೀರವ್ವನಿಗೂ ಅದು ಹೊಳೆಯಿತು.

"ಮೂರು," ಎಂದಳು. ಅಡಿವೆಪ್ಪ ಮೂರು ಹಚ್ಚಿದ. ನಾಲ್ಕನೆಯ ತಲೆಯೊಂದು ಇದೆ ಎಂದು ಅವನಿಗೆ ಆಗ ಗೊತ್ತಿರಲಿಲ್ಲ. ಹೊರಡುವ ಮುಂಚೆ ಅವಳು ಅವನನ್ನು ಪಕ್ಕಕ್ಕೆ ಕರೆದು ಹೇಳಿದಳು. ಅವನು ಅಲ್ಲಿಂದ ನನ್ನನ್ನು ನೋಡಿದ, ರುಮಾಲು ಬಿಚ್ಚಿದ, ಮತ್ತೆ ಸುತ್ತಿಕೊಂಡ. ನನ್ನ ಗಂಟನ್ನು ನಾನು ಎಷ್ಟು ಬೇಡವೆಂದರೂ ತನ್ನ ಹೆಗಲಿಗೆ ಹಾಕಿಕೊಂಡ. ಅಷ್ಟು ದಿನ ಬಳಿದ ಉಪ್ಪನ್ನೆಲ್ಲ ಅಲ್ಲೇ ಬಿಟ್ಟುಬಂದೆವು.

ಮೊದಲ ದಿನ ಮೂವರೂ ಕೂಡಿಯೇ ಹತ್ತಿದೆವು. ಗೋಡೆದಾರಿಯಲ್ಲಿ ಅಡಿವೆಪ್ಪ ಹೆಂಡತಿಯ ಕೈ ಹಿಡಿದು ದಾಟಿಸಿದ. ಅವಳು ಈಗ ಬೈಯಲಿಲ್ಲ. ಆ ಇಬ್ಬರೂ ನನ್ನ ಮುಂದೆ ಒಬ್ಬರನ್ನೊಬ್ಬರು ನೋಡದ ಹಾಗೆ, ಮೆತ್ತಗೆ ಮಾತಾಡುವ ಹಾಗೆ, ತಮ್ಮ ಸಂತೋಷವನ್ನು ಬಗಲಲ್ಲಿ ಬಚ್ಚಿಟ್ಟುಕೊಂಡು ನಡೆಯುತ್ತಿದ್ದರು. ಅದು ನನಗೆ ಕಾಣುತ್ತಿತ್ತು. ಅವರ ಮೇಲೆ ಸಿಟ್ಟಿರಲಿಲ್ಲ. ಆದರೆ ಬಂಡೆಯಡಿ ಮಲಗಿ ಎದ್ದ ಬೆಳಿಗ್ಗೆ ನನಗೆ ಯಾರೂ ಹತ್ತಿರ ಇರುವುದು ಬೇಡವೆನಿಸಿತು. ಯಾರ ಉಸಿರೂ ಕೇಳಬಾರದು, ಯಾರ ಕೆಮ್ಮೂ ಕೇಳಬಾರದು ಎನಿಸಿತು.

"ಅಕ್ಕಾ, ನಾ ಮುಂದ ಹೊಕ್ಕೀನಿ," ಎಂದೆ. "ನೀವು ಸಾವಕಾಶ ಬರ್ರಿ. ಬಹಳ ಹಿಂದ."

ಅಡಿವೆಪ್ಪ ಏನೋ ಹೇಳಹೋದ. ಫಕೀರವ್ವ ಅವನ ತೋಳು ಹಿಡಿದಳು. "ಹೋಗಲಿ. ಆಕಿ ಕೈಲೆ ಆಗತೈತಿ," ಎಂದಳು.

ನಾನು ಹತ್ತಿದೆ. ಸ್ವಲ್ಪ ಹೊತ್ತು ಅವರ ಕಾಲಡಿಯ ಕಲ್ಲಿನ ಸದ್ದು ಬಂತು, ಆಮೇಲೆ ಅದೂ ನಿಂತಿತು. ಪ್ರತಿ ತಿರುವಿನಲ್ಲೂ ಕಾಲು ತಡೆಯುತ್ತಿತ್ತು. ಈ ಬಂಡೆ ಸುತ್ತಿದರೆ ಎದುರಿಗೆ ಹೊಳೆ ಕಂಡರೆ ಏನು ಗತಿ ಎಂದು. ಮೊದಲಿನ ಎರಡೂ ಸಲ ಒಳಗಿನದು ಹೋದದ್ದು ನನಗೆ ಮುಂಚಿತವಾಗಿ ತಿಳಿದಿರಲಿಲ್ಲ. ಇಲ್ಲಿ ತಿಳಿಯುತ್ತದೆ, ಹೆಜ್ಜೆ ಹೆಜ್ಜೆಗೂ ತಿಳಿಯುತ್ತದೆ. ಬಂಡೆ ಸುತ್ತಿದೆ, ಹೊಳೆ ಬರಲಿಲ್ಲ, ಮತ್ತಷ್ಟು ಕೆಂಪು ಕಲ್ಲು, ಮತ್ತಷ್ಟು ಏರು. ಇನ್ನೊಂದು ಸುತ್ತಿದೆ. ಎಷ್ಟೋ ತಿರುವುಗಳಾದ ಮೇಲೆ ತಡೆಯುವುದನ್ನು ಬಿಟ್ಟೆ. ಗಟ್ಟಿಯಾಗಿ ಅತ್ತುಬಿಟ್ಟೆ, ಗಂಡನ ಹೆಸರು ಹಿಡಿದು ಕರೆದೆ, ಬಾಯಾರಿದಾಗ ಕೂತು ನೀರು ಕುಡಿದೆ, ಎದ್ದು ನಡೆದೆ. ಸಡಿಲ ಕಲ್ಲಿನ ಇಳಿಜಾರಿನಲ್ಲಿ ಕೈಯೂರಿ ಹತ್ತಿದೆ. ಮೇಲೆ ಆಕಾಶ ಅಗಲವಾಗುತ್ತ ಬಂತು.

ದಾರಿಯ ತಲೆಯಲ್ಲಿ ಜನ ಕೂತಿದ್ದರು. ಮೂರು ಹೊಗೆ ನೋಡಿದ್ದರು, ಯಾವ ಮೂವರೆಂದು ನೋಡಲು ಬಂದಿದ್ದರು. ಅತ್ತೆ ಕಳ್ಳಿಬೇಲಿಗೆ ಬೆನ್ನು ಕೊಟ್ಟು ಕೂತಿದ್ದವಳು ನನ್ನ ತಲೆ ಕಂಡಾಗ ಎದ್ದು ನಿಂತಳು. ನನ್ನ ಹಿಂದಕ್ಕೆ ನೋಡಿದಳು. ಎಲ್ಲರೂ ನೋಡಿದರು. ದಾರಿ ಖಾಲಿ ಇತ್ತು. ನಾನು ಹತ್ತಿರ ಬಂದು ನಿಂತ ಮೇಲೂ ಖಾಲಿಯೇ ಇತ್ತು. ಅಂಗಡಿಯ ಹತ್ತಿರ ಕೂತ ಹೆಂಗಸರು ಒಬ್ಬೊಬ್ಬರಾಗಿ ಮಾತು ನಿಲ್ಲಿಸಿದರು.

"ಉಳದವರು?" ಎಂದಳು ಅತ್ತೆ.

"ಹಿಂದ ಬರಾಕತ್ತಾರ ಅತ್ತಿ. ಫಕೀರಕ್ಕ, ಅಡಿವೆಪ್ಪಣ್ಣ."

ನಾನು ಹೇಳದ ಹೆಸರು ಅವಳಿಗೆ ಕೇಳಿಸಿತು. ಮುಖ ಅಲುಗಲಿಲ್ಲ, ಕೈ ಮಾತ್ರ ಬೇಲಿಯ ಗೂಟವನ್ನು ಹುಡುಕಿ ಹಿಡಿಯಿತು. ಹಾಗೇ ನಿಂತಳು. ಆಮೇಲೆ ಮತ್ತೊಮ್ಮೆ ಖಾಲಿ ದಾರಿಯನ್ನು ನೋಡಿದಳು, ನನ್ನನ್ನು ನೋಡಿದಳು, ತಲೆಯಿಂದ ಕಾಲಿನವರೆಗೆ ನಿಧಾನವಾಗಿ ನೋಡಿದಳು. ಅವಳೂ ಒಂದು ಕಾಲಕ್ಕೆ ಆ ದಾರಿಯಲ್ಲಿ ಒಬ್ಬಳೇ ಇಳಿದು ನೋಡಿದವಳು.

ತಿರುಗಿ ಮನೆಯ ದಾರಿ ಹಿಡಿದಳು. ನಾನು ಹಿಂದೆ ನಡೆದೆ. ಜನ ಸರಿದು ದಾರಿ ಬಿಟ್ಟರು. ಓಣಿಯ ಬಾಯಿಗೆ ಬಂದಾಗ ಅತ್ತೆ ನಿಂತಳು. ನಾನು ಪಕ್ಕಕ್ಕೆ ಬರುವವರೆಗೂ ಕಾದು, ನನ್ನ ಹೆಗಲ ಮೇಲೆ ಭಾರ ಬಿಟ್ಟು, ಆ ಕೆಟ್ಟ ಮೊಣಕಾಲನ್ನು ಎತ್ತಿಟ್ಟಳು.